ಬಿಯರ್ ಮತ್ತು ಚಾಕೊಲೇಟ್: ಕೆಟ್ಟುಹೋದ ಜೋಡಿಯೊಂದನ್ನು ಸರಿಪಡಿಸಿದ ದಾಖಲೆ

ಮೊದಲ ದಿನ

ಇಂಪೀರಿಯಲ್ ಸ್ಟೌಟ್ ಎಂಬ ಕಡುಗಪ್ಪು, ಗಡುಸು ಬಿಯರ್ ಮತ್ತು ಶೇ 70ರಷ್ಟು ಕೋಕೋ ಇರುವ ಕಪ್ಪು ಚಾಕೊಲೇಟ್ ಒಂದಕ್ಕೊಂದು ಹೇಳಿಮಾಡಿಸಿದ ಜೋಡಿ ಎಂದು ಅನೇಕ ಕಡೆ ಓದಿದ್ದರಿಂದ ನನ್ನ ಮೊದಲ ರುಚಿ ತಟ್ಟೆಯನ್ನು ಅದರಿಂದಲೇ ಆರಂಭಿಸಿದೆ. ಬಾಯಿಗೆ ಬಂದದ್ದು ಹಲ್ಲಿನ ಹಿಂಬದಿಗೆ ಮೇಣದಂತೆ ಅಂಟಿಕೊಂಡ ಜಿಡ್ಡು, ಅದರ ಮೇಲೆ ಬೂದಿಯಂಥ ಕಹಿ, ಕೊನೆಯಲ್ಲಿ ನಾಲಿಗೆಯ ಎರಡೂ ಬದಿಯನ್ನು ಹಿಂಡುವ ಒಗರು. ಬಿಯರನ್ನು ಬೇರೆಯಾಗಿ ಕುಡಿದಾಗ ಚೆನ್ನಾಗಿಯೇ ಇತ್ತು, ಚಾಕೊಲೇಟನ್ನು ಬೇರೆಯಾಗಿ ತಿಂದಾಗ ಸುಮಾರಾಗಿತ್ತು, ಎರಡೂ ಸೇರಿದಾಗ ಮಾತ್ರ ಒಂದನ್ನೊಂದು ಕೆಡಿಸಿಕೊಳ್ಳುತ್ತಿದ್ದವು. ಇದು ನನ್ನ ನಾಲಿಗೆಯ ರುಚಿಭೇದವಿರಬಹುದು ಎಂದು ಸುಮ್ಮನಾಗಬಹುದಿತ್ತು. ಆದರೆ ಆ ಮೇಣದ ಪದರ ನನ್ನನ್ನು ಕಾಡಿತು, ಏಕೆಂದರೆ ಅದು ರುಚಿಯಲ್ಲ, ಸ್ಪರ್ಶ. ಸ್ಪರ್ಶ ಕೆಟ್ಟಿದ್ದರೆ ಅದಕ್ಕೆ ಭೌತಿಕ ಕಾರಣವಿರಬೇಕು, ಕಾರಣವಿದ್ದರೆ ಅದನ್ನು ಹುಡುಕಿ ಸರಿಪಡಿಸಲು ಸಾಧ್ಯವಿರಬೇಕು.

ತಟ್ಟೆಯಲ್ಲಿ ಏನೇನಿತ್ತು ಎಂಬುದನ್ನು ಮೊದಲು ಬರೆದಿಡುತ್ತೇನೆ. ಬಿಯರ್‌ಗಳು ಏಳು: ಇಂಪೀರಿಯಲ್ ಸ್ಟೌಟ್, ಮಿಲ್ಕ್ ಸ್ಟೌಟ್, ಗಡುಸಾದ ಸಿಹಿ ಬಿಯರಾದ ಬಾರ್ಲಿವೈನ್, ಹೊಗೆಯ ಮಾಲ್ಟಿನಿಂದ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ) ಮಾಡಿದ ರೌಖ್‌ಬಿಯರ್, ಉಪ್ಪು ಮತ್ತು ಕೊತ್ತಂಬರಿ ಬೀಜ ಸೇರುವ ಗೋಸೆ, ಹುಳಿ ಚೆರ್ರಿಯ ಕ್ರೀಕ್, ಹಾಗೂ ಹಣ್ಣು ಸೇರಿಸದ ಲ್ಯಾಂಬಿಕ್ ಎಂಬ ಹುಳಿ ಬಿಯರಿನ ಮಿಶ್ರಣವಾದ ಗೂಜ್. ಚಾಕೊಲೇಟ್ ನಾಲ್ಕು: ಶೇ 85 ಮತ್ತು ಶೇ 70ರ ಕಪ್ಪು, ಶೇ 40ರ ಹಾಲಿನದು, ಮತ್ತು ಬಿಳಿ. ಎಲ್ಲ ತುಣುಕುಗಳೂ ಒಂದೇ ತೂಕ ಮತ್ತು ಒಂದೇ ದಪ್ಪದಲ್ಲಿರಬೇಕೆಂದು ದೊಡ್ಡ ಗಟ್ಟಿಗಳನ್ನು ಕರಗಿಸಿ ತಲಾ 5 ಗ್ರಾಂ ತೂಗುವ ಬಿಲ್ಲೆಗಳಾಗಿ ಅಚ್ಚು ಹಾಕಿದ್ದೆ. ತಪ್ಪಿನ ಮೊದಲ ಎಳೆ ಸಿಕ್ಕಿದ್ದು ಅಲ್ಲಿಯೇ.

ಎರಡನೇ ದಿನ: ಬಿಲ್ಲೆಗಳ ತಪಾಸಣೆ

ರಾತ್ರಿ ಕಳೆಯುವಷ್ಟರಲ್ಲಿ ಶೇ 70ರ ಬಿಲ್ಲೆಗಳ ಮೇಲೆ ಬೂದು ಬಣ್ಣದ ಮಬ್ಬು ಹರಡಿತ್ತು. ಚಾಕೊಲೇಟಿನ ಮೇಲೆ ಇಂಥ ಮಬ್ಬು ಎರಡು ಕಾರಣಕ್ಕೆ ಬರುತ್ತದೆ. ಫ್ರಿಜ್ಜಿನಿಂದ ಹೊರತೆಗೆದಾಗ ತೇವ ಕೂತು ಸಕ್ಕರೆ ಕರಗಿ ಮತ್ತೆ ಹರಳುಗಟ್ಟಿದರೆ ಅದು ಸಕ್ಕರೆಯ ಮಬ್ಬು. ಕೋಕೋ ಬೆಣ್ಣೆ ಒಳಗಿನಿಂದ ಮೇಲಕ್ಕೆ ಬಂದು ಹರಳಾದರೆ ಅದು ಕೊಬ್ಬಿನ ಮಬ್ಬು. ಎರಡನ್ನೂ ಬೆರಳಿನಿಂದಲೇ ಗುರುತಿಸಬಹುದು. ಒಣಬೆರಳನ್ನು ಕೆಲವು ಕ್ಷಣ ಒತ್ತಿಹಿಡಿದೆ. ಮಬ್ಬು ಕರಗಿ ಅಲ್ಲಿ ಕಪ್ಪು ಹೊಳಪಿನ ಬೆರಳಚ್ಚು ಉಳಿಯಿತು. ಸಕ್ಕರೆಯ ಮಬ್ಬಾಗಿದ್ದರೆ ಒಣಬೆರಳಿಗೆ ಅದು ಕರಗುತ್ತಿರಲಿಲ್ಲ, ತರಿತರಿಯಾಗಿ ತಾಗುತ್ತಿತ್ತು. ಬಿಲ್ಲೆಯನ್ನು ಮುರಿದಾಗಲೂ ಟಕ್ಕೆಂಬ ಸದ್ದು ಬರಲಿಲ್ಲ, ಒಣಗಿದ ಮಣ್ಣಿನ ಹೆಂಟೆಯಂತೆ ಪುಡಿಯಾಯಿತು.

ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು ಮತ್ತು ಒಂದೊಂದು ಬಗೆ ಒಂದೊಂದು ತಾಪಮಾನದಲ್ಲಿ ಕರಗುತ್ತದೆ. ನಮಗೆ ಬೇಕಾದ ಐದನೇ ಬಗೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಬಾಯಿಯ ಬಿಸಿಗಿಂತ ತುಸುವೇ ಕೆಳಗೆ ಕರಗುತ್ತದೆ. ಹಾಗಾಗಿಯೇ ಒಳ್ಳೆಯ ಚಾಕೊಲೇಟ್ ಕೈಯಲ್ಲಿ ಗಟ್ಟಿಯಾಗಿದ್ದು ನಾಲಿಗೆಯ ಮೇಲೆ ಇದ್ದಕ್ಕಿದ್ದಂತೆ ದ್ರವವಾಗುತ್ತದೆ. ಕರಗಿಸಿದ ಚಾಕೊಲೇಟನ್ನು ಸುಮ್ಮನೆ ಆರಲು ಬಿಟ್ಟರೆ ಹಲವು ಬಗೆಯ ಹರಳುಗಳು ಬೆರೆತು ಬೆಳೆಯುತ್ತವೆ. ಅವು ನಿಧಾನವಾಗಿ ರೂಪ ಬದಲಿಸುತ್ತ ಕೊಬ್ಬನ್ನು ಮೇಲ್ಮೈಗೆ ತಳ್ಳುತ್ತವೆ, ಬಾಯಲ್ಲಿಯೂ ಒಂದೇ ಸಲಕ್ಕೆ ಕರಗುವುದಿಲ್ಲ. ನಾನು ಮಾಡಿದ್ದು ಅದನ್ನೇ. ಕರಗಿಸಿ ಅಚ್ಚಿಗೆ ಸುರಿದಿದ್ದೆನೇ ಹೊರತು ಹದ ಹಿಡಿಸಿರಲಿಲ್ಲ, ಅಂದರೆ ಬೇಕಾದ ಬಗೆಯ ಹರಳೇ ಬೆಳೆಯುವಂತೆ ತಾಪಮಾನವನ್ನು ಹಿಡಿತದಲ್ಲಿಟ್ಟಿರಲಿಲ್ಲ.

ಮೂರನೇ ದಿನ: ಹದ ಹಿಡಿಸಿದ್ದು

ಮೊದಲ ಪ್ರಯತ್ನ ಹಾಳಾಯಿತು. ನೀರು ಕುದಿಯುವ ಪಾತ್ರೆಯ ಮೇಲೆ ಬೋಗುಣಿಯಿಟ್ಟು ಕರಗಿಸುತ್ತಿದ್ದಾಗ ಆವಿ ಅಂಚಿನಲ್ಲಿ ಹನಿಗಟ್ಟಿ ಒಳಗೆ ಜಾರಿತು, ಮರುಕ್ಷಣವೇ ನುಣುಪಾಗಿ ಹರಿಯುತ್ತಿದ್ದ ಚಾಕೊಲೇಟ್ ಒರಟು ಮುದ್ದೆಯಾಯಿತು. ಕೊಬ್ಬಿನಲ್ಲಿ ತೇಲುತ್ತಿರುವ ಸಕ್ಕರೆಯ ಕಣಗಳು ಸ್ವಲ್ಪ ನೀರು ಸಿಕ್ಕಿದ ಕೂಡಲೇ ಅಂಟಾಗಿ ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದ ಹೀಗಾಗುತ್ತದೆ. ಆ ಮುದ್ದೆಗೆ ಬಿಸಿ ಕೆನೆ ಸೇರಿಸಿ ಗನಾಶ್ ಮಾಡಬಹುದು, ಆದರೆ ಬಿಲ್ಲೆ ಮಾಡಲಾಗದು. ಅದನ್ನು ಬದಿಗಿಟ್ಟು, ಪಾತ್ರೆಗಿಂತ ಅಗಲವಾದ ಬೋಗುಣಿ ಹುಡುಕಿ, ನೀರು ಕುದಿಯದಂತೆ ಉರಿ ಆರಿಸಿ ಮತ್ತೆ ಶುರುಮಾಡಿದೆ.

ಶೇ 70ರ ಚಾಕೊಲೇಟ್ 400 ಗ್ರಾಂ ತೆಗೆದುಕೊಂಡು, 300 ಗ್ರಾಮನ್ನು 48 ಡಿಗ್ರಿಯವರೆಗೆ ಕಾಯಿಸಿದೆ. ಹಳೆಯ ಹರಳುಗಳೆಲ್ಲ ಅಳಿಯಬೇಕಾದರೆ ಅಷ್ಟು ಬಿಸಿ ಬೇಕು. ಬೋಗುಣಿಯನ್ನು ಕೆಳಗಿಳಿಸಿ, ತಳ ಒರೆಸಿ, 35 ಡಿಗ್ರಿಗೆ ಇಳಿಯುವವರೆಗೆ ಕದಡುತ್ತಿದ್ದು, ಆಮೇಲೆ ಉಳಿದ 100 ಗ್ರಾಮನ್ನು ಸಣ್ಣಗೆ ಹೆಚ್ಚಿ ಮೂರು ಸಲ ಸೇರಿಸಿದೆ. ಕೊಂಡು ತಂದ ಗಟ್ಟಿ ಮೊದಲೇ ಹದವಾಗಿರುವುದರಿಂದ ಅದರ ಚೂರುಗಳು ಹೆಪ್ಪಿನ ಹಾಗೆ ಕೆಲಸ ಮಾಡುತ್ತವೆ. ಸರಿಯಾದ ಹರಳುಗಳು ತಮ್ಮಂಥವನ್ನೇ ಸುತ್ತಲೂ ಬೆಳೆಸುತ್ತವೆ. 31 ಮತ್ತು 32 ಡಿಗ್ರಿಗಳ ನಡುವೆ ಬಂದಾಗ ಕರಗದೆ ಉಳಿದ ಚೂರುಗಳನ್ನು ಎತ್ತಿಹಾಕಿದೆ. ಚಾಕುವಿನ ತುದಿಯನ್ನು ಅದ್ದಿ ತಟ್ಟೆಯ ಮೇಲಿಟ್ಟು ಕಾದೆ. ಐದು ನಿಮಿಷದೊಳಗೆ ಅಂಚಿನಿಂದ ಒಳಮುಖವಾಗಿ ಹೊಳಪು ಮಂದವಾಗುತ್ತ ಬಂದು, ಬೆರಳಿಗೆ ಅಂಟದೆ ಗಟ್ಟಿಯಾಯಿತು. ಅಚ್ಚಿಗೆ ಸುರಿಯಬೇಕಾದದ್ದು ಆಗಲೇ; ತಡಮಾಡಿದರೆ ಬೋಗುಣಿಯಲ್ಲಿಯೇ ದಪ್ಪವಾಗುತ್ತದೆ. ಹಾಲಿನ ಚಾಕೊಲೇಟಿಗೆ ಕೊನೆಯ ತಾಪಮಾನವನ್ನು 30 ಡಿಗ್ರಿಗೂ ಬಿಳಿಯದಕ್ಕೆ 28 ಡಿಗ್ರಿಗೂ ಇಳಿಸಿಕೊಂಡೆ, ಏಕೆಂದರೆ ಹಾಲಿನ ಕೊಬ್ಬು ಬೆರೆತಾಗ ಕೋಕೋ ಬೆಣ್ಣೆ ಇನ್ನಷ್ಟು ಮೃದುವಾಗುತ್ತದೆ.

ಅಚ್ಚಿನಿಂದ ಬಿಲ್ಲೆಗಳು ತಟ್ಟದೆಯೇ ಬಿದ್ದವು. ಹದ ಬಂದ ಕೋಕೋ ಬೆಣ್ಣೆ ಗಟ್ಟಿಯಾಗುವಾಗ ಕುಗ್ಗುವುದರಿಂದ ಬಿಲ್ಲೆ ತಾನಾಗಿಯೇ ಅಚ್ಚನ್ನು ಬಿಡುತ್ತದೆ. ಅಚ್ಚಿಗೆ ತಾಗಿದ್ದ ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಅವನ್ನು ಗಾಳಿಯಾಡದ ಡಬ್ಬಿಯಲ್ಲಿ, ಫ್ರಿಜ್ಜಿನಿಂದ ದೂರವಾಗಿ ತಂಪಾದ ಕಪಾಟಿನಲ್ಲಿಟ್ಟೆ.

ನಾಲ್ಕನೇ ದಿನ: ಬಿಯರಿನ ತಾಪಮಾನ

ಹೊಸ ಬಿಲ್ಲೆಯೊಂದಿಗೆ ಅದೇ ಸ್ಟೌಟನ್ನು ಕುಡಿದೆ. ಚಾಕೊಲೇಟ್ ಮೊದಲಿಗಿಂತ ಎಷ್ಟೋ ಚೆನ್ನಾಗಿ ಕರಗಿತು, ಆದರೆ ಬಿಯರ್ ತಾಗಿದ ಕ್ಷಣದಲ್ಲಿ ಮೇಣದ ಪದರ ಮರಳಿ ಬಂತು. ಆಗ ತಾಪಮಾಪಕವನ್ನು ಲೋಟಕ್ಕೆ ಇಳಿಸಿದೆ: 4 ಡಿಗ್ರಿ.

ಕಾರಣ ಅಲ್ಲಿತ್ತು. ಬಾಯಿಯ ಬಿಸಿಗೆ ಈಗಷ್ಟೇ ಕರಗಿದ ಕೋಕೋ ಬೆಣ್ಣೆಯ ಮೇಲೆ 4 ಡಿಗ್ರಿಯ ದ್ರವ ಹರಿದರೆ ಅದು ನಾಲಿಗೆಯ ಮೇಲೆಯೇ ಮತ್ತೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಕೊಬ್ಬು ಘಮವನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುವುದರಿಂದ ಚಾಕೊಲೇಟಿನ ಪರಿಮಳ ಮೂಗಿಗೆ ಏರುವುದಿಲ್ಲ. ತಣ್ಣಗಿನ ಬಿಯರಿನಿಂದಲೂ ಘಮ ಹೊರಡುವುದಿಲ್ಲ. ಎರಡು ಕಡೆಯ ಪರಿಮಳವೂ ಮುಚ್ಚಿಹೋದ ಮೇಲೆ ನಾಲಿಗೆಗೆ ಉಳಿಯುವುದು ಕಹಿ ಮತ್ತು ಒಗರು ಮಾತ್ರ. ಮೊದಲ ದಿನ ನಾನು ಅನುಭವಿಸಿದ್ದು ನಿಖರವಾಗಿ ಇದನ್ನೇ, ಅದನ್ನು ಜೋಡಿಯ ದೋಷವೆಂದು ತಪ್ಪಾಗಿ ತಿಳಿದಿದ್ದೆ.

ಕಣ್ಣಾರೆ ಕಾಣಬೇಕೆಂದು ಉಕ್ಕಿನ ಚಮಚದಲ್ಲಿ ಕರಗಿದ ಚಾಕೊಲೇಟನ್ನು ತೆಳುವಾಗಿ ಹರಡಿ ಅದರ ಮೇಲೆ 4 ಡಿಗ್ರಿಯ ಬಿಯರ್ ಸುರಿದೆ. ತಕ್ಷಣವೇ ಬಿರುಸಾದ ಹೊಪ್ಪಳಿಕೆಯಾಯಿತು. 13 ಡಿಗ್ರಿಯ ಬಿಯರಿಗೂ ಅದು ಗಟ್ಟಿಯಾಯಿತು, ಆದರೆ ತಡವಾಗಿ ಮತ್ತು ಮೆತ್ತಗೆ. ಚಮಚಕ್ಕೂ ಬಾಯಿಗೂ ಇರುವ ವ್ಯತ್ಯಾಸವೆಂದರೆ ಬಾಯಿ ತನ್ನ ಬಿಸಿಯನ್ನು ಮತ್ತೆ ಮತ್ತೆ ಕೊಡುತ್ತಲೇ ಇರುತ್ತದೆ. ಗುಟುಕು ಚಿಕ್ಕದಿದ್ದು ಬಿಯರ್ 13 ಡಿಗ್ರಿಯಲ್ಲಿದ್ದರೆ ಎರಡು ಮೂರು ಸೆಕೆಂಡಿನಲ್ಲಿ ಬಾಯಿ ಗೆಲ್ಲುತ್ತದೆ. 4 ಡಿಗ್ರಿಯ ದೊಡ್ಡ ಗುಟುಕಿಗೆ ಅದು ಸೋಲುತ್ತದೆ.

ಆದ್ದರಿಂದ ಬಾಟಲಿಗಳನ್ನು ಹೊರಗೆ ತೆಗೆದಿಡುವ ವೇಳಾಪಟ್ಟಿ ಬೇಕಾಯಿತು. 24 ಡಿಗ್ರಿಯ ಕೋಣೆಯಲ್ಲಿ 330 ಮಿಲಿಲೀಟರಿನ ಗಾಜಿನ ಬಾಟಲಿಯೊಂದು 4 ಡಿಗ್ರಿಯಿಂದ ಸುಮಾರು 8 ಡಿಗ್ರಿಗೆ ಏರಲು ಇಪ್ಪತ್ತು ನಿಮಿಷ, 12 ಡಿಗ್ರಿಗೆ ಏರಲು ಹೆಚ್ಚುಕಡಿಮೆ ಐವತ್ತು ನಿಮಿಷ ತೆಗೆದುಕೊಂಡಿತು. ಸ್ಟೌಟ್ ಮತ್ತು ಬಾರ್ಲಿವೈನನ್ನು 13 ಡಿಗ್ರಿಗೆ, ರೌಖ್‌ಬಿಯರನ್ನು 10 ಡಿಗ್ರಿಗೆ ಗೊತ್ತುಮಾಡಿದೆ. ಹುಳಿ ಬಿಯರ್‌ಗಳನ್ನು 9 ಡಿಗ್ರಿಗಿಂತ ಬೆಚ್ಚಗೆ ಕೊಡಲು ಮನಸ್ಸಾಗಲಿಲ್ಲ, ಏಕೆಂದರೆ ಬಿಸಿ ಏರಿದಂತೆ ಅವುಗಳ ಗುಳ್ಳೆ ಬೇಗ ಆರಿಹೋಗಿ ಹುಳಿ ಮೊಂಡಾಗುತ್ತದೆ. ಅವುಗಳ ವಿಷಯದಲ್ಲಿ ಗುಟುಕನ್ನೇ ಇನ್ನಷ್ಟು ಚಿಕ್ಕದು ಮಾಡಿದೆ.

ಇಲ್ಲಿಯೇ ಸಣ್ಣದೊಂದು ವಿಷಯ ಸೇರಿಸುತ್ತೇನೆ. ಒಂದು ಜೋಡಿಯಿಂದ ಇನ್ನೊಂದಕ್ಕೆ ಹೋಗುವಾಗ ಬಾಯಿ ತೊಳೆಯಲು ತಣ್ಣೀರು ಬಳಸುವುದು ಸಾಮಾನ್ಯ, ಆದರೆ ತಣ್ಣೀರು ಕೂಡ ಕೊಬ್ಬನ್ನು ಗಟ್ಟಿಯಾಗಿಸಿ ಅಲ್ಲಿಯೇ ಬಿಡುತ್ತದೆ. ಉಗುರುಬೆಚ್ಚಗಿನ ನೀರಿಗೆ ಬದಲಾಯಿಸಿದ ಮೇಲೆ ಮೂರನೇ ಜೋಡಿಯ ರುಚಿ ಮೊದಲನೆಯದರಷ್ಟೇ ಸ್ಪಷ್ಟವಾಗಿ ಸಿಗತೊಡಗಿತು.

ಐದನೇ ದಿನ: ಕ್ರಮ

ತಾಪಮಾನ ಸರಿಹೋದ ಮೇಲೆ ಉಳಿದದ್ದು ಯಾವುದು ಮೊದಲು ಎಂಬ ಪ್ರಶ್ನೆ. ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡರೆ ಚಾಕೊಲೇಟ್ ಕರಗುವ ಮೊದಲೇ ಬಿಯರ್ ನುಂಗಿಹೋಗುತ್ತದೆ. ನನಗೆ ಹಿಡಿಸಿದ ಕ್ರಮ ಹೀಗಿದೆ: ಮೊದಲು ಬಿಯರಿನ ಒಂದು ಗುಟುಕು, ಅದನ್ನು ಅದರಷ್ಟಕ್ಕೆ ಅರಿಯಲು, ಆಮೇಲೆ ಬಿಲ್ಲೆಯನ್ನು ಒಮ್ಮೆ ಮಾತ್ರ ಕಚ್ಚಿ, ಅಗಿಯದೆ, ನಾಲಿಗೆ ಮತ್ತು ಅಂಗುಳದ ನಡುವೆ ಒತ್ತಿ ಕರಗಲು ಬಿಡುವುದು, ಮುಕ್ಕಾಲು ಪಾಲು ಕರಗಿದಾಗ ಎರಡನೇ ಗುಟುಕು. ಗುಳ್ಳೆಗಳು ಕರಗಿದ ಕೊಬ್ಬನ್ನು ಕದಡಿ ಎತ್ತುತ್ತವೆ, ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಟ್ಟಾಗ ಎರಡರ ಘಮವೂ ಬೆರೆತು ಬರುತ್ತದೆ. ಜೋಡಿ ಹೊಂದಿತೋ ಇಲ್ಲವೋ ಎಂಬುದು ತಿಳಿಯುವುದು ಆ ಉಸಿರಿನಲ್ಲಿಯೇ. ಸಾರಜನಕ ತುಂಬಿದ ಸ್ಟೌಟಿನ ನೊರೆ ಕೆನೆಯಂತೆ ಹಿತವಾಗಿದ್ದರೂ ಅದರಲ್ಲಿ ಈ ಚುರುಕಾದ ಗುಳ್ಳೆ ಕಡಿಮೆ. ಜಿಡ್ಡಿನ ಮೇಲೆ ಜಿಡ್ಡು ಕೂತಂತಾಗುತ್ತದೆ, ಹಾಗಾಗಿ ಚಾಕೊಲೇಟಿನೊಂದಿಗೆ ನಾನು ಅದನ್ನು ಆರಿಸುವುದಿಲ್ಲ.

ಆರು ಮತ್ತು ಏಳನೇ ದಿನ: ಜೋಡಿಗಳು

ಏಳು ಬಿಯರನ್ನು ಒಂದೇ ದಿನ ನೋಡಿದರೆ ಕೊನೆಯವುಗಳಿಗೆ ಅನ್ಯಾಯವಾಗುತ್ತದೆ, ಬಾರ್ಲಿವೈನ್ ಮತ್ತು ಇಂಪೀರಿಯಲ್ ಸ್ಟೌಟಿನಲ್ಲಿ ಮದ್ಯದ ಪ್ರಮಾಣವೂ ಹೆಚ್ಚು. ಹಾಗಾಗಿ ತಲಾ 60 ಮಿಲಿಲೀಟರಿನಂತೆ ಎರಡು ದಿನಕ್ಕೆ ಹಂಚಿದೆ. ಹುಳಿಯಾದವು ಮೊದಲು, ಹೊಗೆ ಆಮೇಲೆ, ಹುರಿದ ಮಾಲ್ಟಿನವು ಕೊನೆಗೆ.

ಗೂಜ್ ಮತ್ತು ಬಿಳಿ ಚಾಕೊಲೇಟ್ ಈ ಇಡೀ ಕೆಲಸದಲ್ಲಿ ನನಗೆ ದೊರೆತ ಅತ್ಯಂತ ಸಂತೋಷದ ಜೋಡಿ. ಬ್ರಸೆಲ್ಸ್ ಮತ್ತು ಅದರ ಸುತ್ತಲಿನ ಪ್ರದೇಶದ ಲ್ಯಾಂಬಿಕ್ ತಯಾರಕರು ಕುದಿಸಿದ ಮಾಲ್ಟಿನ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ, ಗಾಳಿಯಲ್ಲಿಯೂ ಮರದ ಪೀಪಾಯಿಯಲ್ಲಿಯೂ ಇರುವ ಸೂಕ್ಷ್ಮಜೀವಿಗಳೇ ಅದನ್ನು ಹುದುಗಿಸುತ್ತವೆ. ಒಂದು, ಎರಡು ಮತ್ತು ಮೂರು ವರ್ಷದ ಲ್ಯಾಂಬಿಕ್ ಬೆರೆಸಿ ಬಾಟಲಿಯಲ್ಲಿ ಮತ್ತೆ ಹುದುಗಲು ಬಿಟ್ಟರೆ ಗೂಜ್ ಆಗುತ್ತದೆ. ಅದರ ಕೊಟ್ಟಿಗೆಯಂಥ ಸೊಗಡು ಬ್ರೆಟನೊಮೈಸಿಸ್ ಎಂಬ ಯೀಸ್ಟಿನದು. ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ವಿಜ್ಞಾನಿ ಕ್ಲಾಸೆನ್ 1904ರಲ್ಲಿ ಇಂಗ್ಲಿಷ್ ಬಿಯರನ್ನು ಅಭ್ಯಸಿಸುತ್ತ ಆ ಹೆಸರನ್ನಿಟ್ಟರು. ಬಿಳಿ ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆ, ಹಾಲು, ಸಕ್ಕರೆ ಇರುತ್ತವೆಯೇ ಹೊರತು ಕೋಕೋವಿನ ಕಪ್ಪು ಭಾಗವಿಲ್ಲ, ಆದ್ದರಿಂದ ಹುಳಿಗೆ ಎದುರಾಗುವ ಕಹಿಯೂ ಇಲ್ಲ. ಹುಳಿ ಕೊಬ್ಬನ್ನು ಕತ್ತರಿಸಿತು, ಕೊಬ್ಬು ಹುಳಿಯ ಮೊನೆಯನ್ನು ಮುಚ್ಚಿತು, ಉಸಿರಿನಲ್ಲಿ ನಿಂಬೆಯ ಸಿಪ್ಪೆ ಹಾಗೂ ಗಟ್ಟಿ ಕೆನೆಯ ಘಮ ಉಳಿಯಿತು. ಬಿಳಿ ಚಾಕೊಲೇಟನ್ನು ಕೀಳಾಗಿ ಕಾಣುವವರು ಈ ಜೋಡಿಯನ್ನೊಮ್ಮೆ ನೋಡಬೇಕು.

ಕ್ರೀಕ್ ಶೇ 70ಕ್ಕೆ ಹೊಂದಿತು. ಇಡೀ ಚೆರ್ರಿ ನೆನೆಯುವಾಗ ಬೀಜದಿಂದ ಬಾದಾಮಿಯಂಥ ಪರಿಮಳ ಇಳಿಯುತ್ತದೆ, ಅದು ಕೋಕೋವಿನ ಕಮ್ಮಗಿನ ವಾಸನೆಗೆ ನೇರವಾಗಿ ಸೇರಿಕೊಂಡಿತು. ಆದರೆ ಹಣ್ಣಿನ ಹುಳಿ ಮೊದಲೇ ಎದ್ದು ಕಾಣುವ ಇನ್ನೊಂದು ಶೇ 70ರ ಗಟ್ಟಿಯೊಂದಿಗೆ ಅದೇ ಕ್ರೀಕ್ ಕಿರಿಕಿರಿಯಾಯಿತು. ಕೋಕೋ ಕಾಳು ಹುದುಗುವಾಗ ಹುಟ್ಟುವ ಅಸಿಟಿಕ್ ಆಮ್ಲ ಹುರಿಯುವಿಕೆ ಮತ್ತು ಅರೆತದಲ್ಲಿ ಎಷ್ಟು ಹಾರಿಹೋಯಿತು ಎಂಬುದನ್ನು ಶೇಕಡಾವಾರು ಸಂಖ್ಯೆ ಹೇಳುವುದಿಲ್ಲ. ಒಂದೇ ಸಂಖ್ಯೆಯ ಎರಡು ಗಟ್ಟಿಗಳು ಎರಡು ಬೇರೆ ಪದಾರ್ಥಗಳೇ ಎಂದು ಭಾವಿಸುವುದು ಒಳ್ಳೆಯದು.

ಗೋಸೆಯನ್ನು ನಾನು ಬಿಳಿಯದಕ್ಕೆ ಇಟ್ಟಿದ್ದೆ, ಕೊನೆಗೆ ಅದು ಕೂತದ್ದು ಶೇ 85ರ ಪಕ್ಕದಲ್ಲಿ. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಒಂದೇ ಗುಟುಕಿಗೆ ಆ ಬಿಲ್ಲೆ ಶೇ 70ರಂತೆ ತೋರಿತು. ಹಾಲಿನ ಚಾಕೊಲೇಟಿಗೆ ರೌಖ್‌ಬಿಯರ್ ಚೆನ್ನಾಗಿತ್ತು. ಜರ್ಮನಿಯ ಬ್ಯಾಂಬರ್ಗ್ ನಗರದ ಈ ಬಗೆಯಲ್ಲಿ ಮಾಲ್ಟನ್ನು ಬೀಚ್ ಮರದ ಹೊಗೆಯಲ್ಲಿ ಒಣಗಿಸುತ್ತಾರೆ, ಆ ಹೊಗೆ ಹಾಲಿನ ಸಿಹಿಯೊಂದಿಗೆ ಸೇರಿ ಸಕ್ಕರೆ ಪಾಕ ಕಂದಿದ ರುಚಿ ಕೊಡುತ್ತದೆ. ಕಪ್ಪು ಚಾಕೊಲೇಟಿನೊಂದಿಗೆ ಅದೇ ಹೊಗೆ ಕಮರು ವಾಸನೆಯಾಯಿತು. ಬಾರ್ಲಿವೈನ್ ಯಾವುದರೊಂದಿಗೂ ಜಗಳವಾಡಲಿಲ್ಲ.

ಮಿಲ್ಕ್ ಸ್ಟೌಟಿನಲ್ಲಿ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಸೇರಿಸಿರುತ್ತಾರೆ, ಬಿಯರಿನ ಯೀಸ್ಟ್ ಅದನ್ನು ಹುದುಗಿಸಲಾರದ ಕಾರಣ ಸಿಹಿ ಹಾಗೆಯೇ ಉಳಿಯುತ್ತದೆ. ಇದು ಮುಖ್ಯ, ಏಕೆಂದರೆ ಎಲ್ಲ ಜೋಡಿಗಳನ್ನೂ ನೋಡಿದ ಮೇಲೆ ಎದ್ದುಕಂಡ ಸಂಗತಿಯೆಂದರೆ ಹುರಿದ ಮಾಲ್ಟಿನ ಬಿಯರ್ ಚಾಕೊಲೇಟಿಗಿಂತ ಕಡಿಮೆ ಸಿಹಿಯಾಗಿದ್ದರೆ ಅದು ನೀರಾಗಿಯೂ ಚುರುಕು ಕಹಿಯಾಗಿಯೂ ತೋರುತ್ತದೆ. ಹುಳಿ ಬಿಯರಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಸಿಹಿಯ ಕೆಲಸವನ್ನು ಚಾಕೊಲೇಟೇ ಮಾಡುತ್ತದೆ.

ಎಂಟನೇ ದಿನ: ಮೊದಲ ಜೋಡಿಗೆ ಮರಳಿ

ಕೊನೆಗೆ ಇಂಪೀರಿಯಲ್ ಸ್ಟೌಟ್ ಮತ್ತು ಶೇ 70. ಇವೆರಡೂ ಹೊಂದಬೇಕೆಂಬ ನಿರೀಕ್ಷೆಗೆ ಆಧಾರವಿದೆ. ಕೋಕೋ ಕಾಳನ್ನೂ ಮಾಲ್ಟನ್ನೂ ಹುರಿದಾಗ ಸಕ್ಕರೆ ಮತ್ತು ಅಮೈನೋ ಆಮ್ಲಗಳ ನಡುವೆ ನಡೆಯುವ ಮೈಯಾರ್ ಕ್ರಿಯೆಯಿಂದ ಪೈರಜೀನ್ ಎಂಬ ಒಂದೇ ಕುಟುಂಬದ ಪರಿಮಳಗಳು ಹುಟ್ಟುತ್ತವೆ. ಆದರೆ ಹುರಿಯುವ ತೀವ್ರತೆ ಬೇರೆ. ಕೋಕೋ ಕಾಳನ್ನು ಸಾಮಾನ್ಯವಾಗಿ 120ರಿಂದ 140 ಡಿಗ್ರಿಯ ಆಸುಪಾಸಿನಲ್ಲಿ ಹುರಿದರೆ, ಕಪ್ಪು ಮಾಲ್ಟನ್ನು 200 ಡಿಗ್ರಿ ದಾಟಿಸುತ್ತಾರೆ. ಡೇನಿಯಲ್ ವೀಲರ್ 1817ರಲ್ಲಿ ಉರುಳೆಯಲ್ಲಿ ಮಾಲ್ಟ್ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಸ್ವಲ್ಪವೇ ಮಾಲ್ಟಿನಿಂದ ಬಿಯರನ್ನು ಕಪ್ಪಾಗಿಸುವುದು ಸುಲಭವಾಯಿತು, ಆ ಕಪ್ಪಿನ ಜೊತೆಗೆ ಸೀದ ಕಹಿಯೂ ಬಂತು. ಚಾಕೊಲೇಟ್ ಮಾಲ್ಟ್ ಎಂಬ ಹೆಸರೂ ದಾರಿ ತಪ್ಪಿಸುತ್ತದೆ. ಅದರಲ್ಲಿ ಕೋಕೋ ಇಲ್ಲ, ಬಣ್ಣ ಮಾತ್ರ ಚಾಕೊಲೇಟಿನದು.

ಬಿಯರ್ 13 ಡಿಗ್ರಿಗೆ ಬರುವವರೆಗೆ ಕಾದು, ಹದವಾದ ಬಿಲ್ಲೆಯನ್ನು ಕರಗಿಸಿ, ಚಿಕ್ಕ ಗುಟುಕು ತೆಗೆದುಕೊಂಡೆ. ಮೇಣದ ಪದರ ಬರಲಿಲ್ಲ. ಉಸಿರು ಬಿಟ್ಟಾಗ ಒಣದ್ರಾಕ್ಷಿಯ ಘಮ ಮೊದಲು ಬಂತು, ಅದರ ಹಿಂದೆ ಹುರಿದ ಕಾಳಿನದು. ಮೊದಲ ದಿನ ಇವೆರಡರಲ್ಲಿ ಒಂದೂ ನನಗೆ ಸಿಕ್ಕಿರಲಿಲ್ಲ. ಎರಡನೇ ಬಿಲ್ಲೆಯವರೆಗೂ ಹಾಗೆಯೇ ಇತ್ತು. ಮೂರನೆಯದಕ್ಕೆ ಒಗರು ಮತ್ತೆ ಏರಿತು, ಏಕೆಂದರೆ ಎರಡೂ ಕಡೆಯ, ಒಗರು ತರುವ ಪಾಲಿಫಿನಾಲ್‌ಗಳು ಜೊಲ್ಲಿನ ಪ್ರೋಟೀನುಗಳನ್ನು ಹಿಡಿಯುತ್ತ ಹೋಗುತ್ತವೆ, ಅದನ್ನು ತಾಪಮಾನದಿಂದ ಸರಿಪಡಿಸಲಾಗದು. ಶೇ 70ರ ಬದಲು ಶೇ 40ರ ಹಾಲಿನ ಬಿಲ್ಲೆಯನ್ನು ಅದೇ ಸ್ಟೌಟಿಗೆ ಇಟ್ಟಾಗ ಹಾಲಿನ ಪ್ರೋಟೀನು ಆ ಪಾಲಿಫಿನಾಲ್‌ಗಳನ್ನು ತಾನೇ ಹಿಡಿದುಕೊಂಡಿರಬೇಕು, ಐದನೇ ಬಿಲ್ಲೆಗೂ ಬಾಯಿ ಒಣಗಲಿಲ್ಲ. ಈಗ ತಟ್ಟೆಯಲ್ಲಿ ಇಂಪೀರಿಯಲ್ ಸ್ಟೌಟಿನ ಪಕ್ಕದಲ್ಲಿ ಹಾಲಿನ ಬಿಲ್ಲೆಗಳು ಮೂರು, ಶೇ 70ರದು ಒಂದೇ ಒಂದು ಇವೆ. ಆ ಒಂದನ್ನು ಮೊದಲು ತಿನ್ನಬೇಕು.